ಕಸ್ತೂರಮ್ಮನವರ ಕಂಪ್ಯೂಟರಿಗೆ ಶಕ್ತಿ ಬಂದದ್ದು

ದೇವರಾಜ ಅರಸು ಬಡಾವಣೆ, ದಾವಣಗೆರೆ
4 ಆಗಸ್ಟ್ 1998, ಮಂಗಳವಾರ

ಶ್ರೀಮತ್ ಸಕಲ ತಂತಿ ಸಾಮ್ರಾಜ್ಯ ಧುರಂಧರೆಯೂ, ಬೆಸುಗೆಕಡ್ಡಿ ಧಾರಿಣಿಯೂ, ಮಲ್ಟಿಮೀಟರ್ ವಿಭೂಷಿತೆಯೂ, ಹರಿಹರದ ತಾಂತ್ರಿಕ ತರಬೇತಿ ಸಂಸ್ಥೆಯಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಬೀಗದಕೈ ಸಮೇತ ವಿರಾಜಮಾನರಾಗಿರುವವರೂ ಆದ ಭವ್ಯಕ್ಕನವರ ದಿವ್ಯ ಸನ್ನಿಧಾನಕ್ಕೆ,

ತಮ್ಮ ಹಳೆಯ ಶಿಷ್ಯ, ಲ್ಯಾಬಿನ ಫ್ಯಾನಿನ ಮೇಲೆ ಚಾಕ್ ಪುಡಿ ಸುರಿದ ಖ್ಯಾತಿಯ ಬಕ್ಕೇಶನು ಸಾಷ್ಟಾಂಗ ಬಿದ್ದು ಮಾಡಿಕೊಳ್ಳುವ ಬಿನ್ನಹವೇನೆಂದರೆ, ನಾನು ಸಿಕ್ಕಿಹಾಕಿಕೊಂಡಿದ್ದೇನೆ.

ಶೇಂಗಾ ಎಣ್ಣೆ ವ್ಯಾಪಾರಿ ಶಿವಯೋಗಪ್ಪನವರಲ್ಲಿ ಕೆಲಸಕ್ಕಿರುವ ನಾನು ಅಲ್ಲಿ ಮೂರು ಕಂಪ್ಯೂಟರುಗಳನ್ನು ಒಂದೇ ಕೇಬಲಿನಲ್ಲಿ ಹೂವಿನ ಹಾಗೆ ಪೋಣಿಸಿದ್ದು ತಮಗೆ ಗೊತ್ತೇ ಇದೆ. ಮುಂದೆ ಆಫೀಸು, ಹಿಂದೆ ಮನೆ. ಎರಡು ಯಂತ್ರ ಆಫೀಸಿನಲ್ಲಿ, ಒಂದು ಮನೆಯ ಪಡಸಾಲೆಯಲ್ಲಿ. ಯಜಮಾನರು ರೊಟ್ಟಿ ಮುರಿಯುತ್ತಲೇ ಯಾವ ಲಾರಿ ಎಲ್ಲಿಗೆ ಹೊರಟಿತು ಎಂದು ನೋಡಬೇಕಂತೆ. ಎರಡು ತಿಂಗಳು ಎಲ್ಲವೂ ಸುಸೂತ್ರವಾಗಿತ್ತು. ನಿನ್ನೆಯಿಂದ ಸಂಪರ್ಕ ಕಡಿಯುತ್ತಿದೆ. ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ.

ಶಿವಯೋಗಪ್ಪನವರು ಬೈಯುವವರಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕದ ಮೇಲಿಂದ ನೋಡಿ, "ತಮ್ಮಾ, ಇದು ನಿನ್ನ ಕೈಚಳಕ ಅಲ್ಲ ತಾನೇ?" ಎಂದರು. ನನ್ನ ಕೀರ್ತಿ ನನಗಿಂತ ಮೊದಲೇ ಎಲ್ಲ ಕಡೆ ತಲುಪಿರುತ್ತದೆ. ಈ ಸಲ ನಾನು ಏನೂ ಮಾಡಿಲ್ಲ. ಕೇಬಲಿನ ದೋಷ ತೋರಿಸದಿದ್ದರೆ ನನ್ನ ಕೆಲಸ ಹೋಗುತ್ತದೆ.

ಆದಕಾರಣ ಲ್ಯಾಬಿನಿಂದ ಯಾವುದಾದರೂ ಒಳ್ಳೆಯ ಉಪಕರಣ, ಆ ಸಾಲಾಗಿ ಹಸಿರು ದೀಪ ಹತ್ತುತ್ತದಲ್ಲ ಅದಾದರೂ ಸರಿ, ಕಳಿಸಿಕೊಡಬೇಕು. ನಮ್ಮ ಆಫೀಸಿನ ಫೋನಿಗೆ ಯಜಮಾನರು ಬೀಗ ಜಡಿದಿದ್ದಾರೆ. ನಿಮ್ಮ ಫೋನು ಪ್ರಿನ್ಸಿಪಾಲರ ಮೂಗಿನ ಕೆಳಗಿದೆ. ಆದ್ದರಿಂದ ಈ ಲಕೋಟೆ ಕಂಡಕ್ಟರ್ ರೌಫಣ್ಣನ ಬಸ್ಸಿನಲ್ಲಿ ಬರುತ್ತಿದೆ.

ಪಾದಸೇವಕ,
ಬಕ್ಕೇಶ


ಹರಿಹರ
5 ಆಗಸ್ಟ್ 1998

ಬಕ್ಕೇಶ,

ಬಿರುದು ತಲುಪಿದವು. ಲಕೋಟೆಯ ಮೂಲೆಗೆ ಅರಿಶಿನ ಹಚ್ಚಿದ್ದೀಯ. ರೌಫಣ್ಣ ಗೇಟಿನಲ್ಲಿ ಎಲ್ಲರ ಮುಂದೆ, "ಮೇಡಮ್ಮೋರ ಮದುವಿ ಕಾಗ್ದ ಬಂತು ನೋಡ್ರಿ" ಎಂದು ಕೂಗಿ ಕೊಟ್ಟ. ಇನ್ನೊಮ್ಮೆ ಹೀಗೆ ಮಾಡಿದರೆ ಬಿಚ್ಚದೆ ವಾಪಸ್ ಕಳಿಸುತ್ತೇನೆ.

"ಯಾವುದಾದರೂ ಒಳ್ಳೆಯ ಉಪಕರಣ" ಎಂದರೆ ಏನು ಕಳಿಸಲಿ? ಹೊಟ್ಟೆನೋವು ಎಂದು ಹೋಗಿ ಯಾವುದಾದರೂ ಒಳ್ಳೆಯ ಗುಳಿಗೆ ಕೊಡಿ ಎನ್ನುತ್ತೀಯಾ? ಕೇಬಲನ್ನು ಏನು ಕೇಳಬೇಕು ಎಂದು ಮೊದಲು ತೀರ್ಮಾನಿಸು. ಹಸಿರು ದೀಪದ ಟೆಸ್ಟರು ನೋಡಲು ಚಂದ. ತಂತಿ ತುಂಡಾಗಿದೆಯೋ ಇಲ್ಲವೋ ಎಂಬುದನ್ನು ಬಿಟ್ಟು ಬೇರೇನೂ ಹೇಳದು. ನಿನ್ನ ಕೇಬಲ್ ಒಮ್ಮೆ ಕೆಲಸ ಮಾಡಿ ಒಮ್ಮೆ ಬಿಡುತ್ತದೆ ಎಂದರೆ ಮಲ್ಟಿಮೀಟರೇ ಸರಿ.

ನಿನ್ನದು ಕಪ್ಪು ದುಂಡನೆಯ ಕೇಬಲು. ಒಳಗೆ ತಾಮ್ರದ ತಂತಿ, ಸುತ್ತ ಲೋಹದ ಜಾಲರಿ, ಎರಡು ತುದಿಗೂ ಐವತ್ತು ಓಮಿನ ಟೋಪಿ. ಎಲ್ಲ ಯಂತ್ರ ಆರಿಸಿ, ಮೀಟರಿನ ಗುಂಡಿಯನ್ನು ಓಮಿನ ಗುರುತಿಗೆ ತಿರುಗಿಸಿ, ನಡುವಿನ ಜೋಡಣೆಯಲ್ಲಿ ಹಿಡಿ. ಇಪ್ಪತ್ತೈದರ ಹತ್ತಿರ ಬಂದರೆ ಕೇಬಲು ಸರಿಯಿದೆ. ಐವತ್ತು ಬಂದರೆ ಒಂದು ಕಡೆ ಕಡಿದಿದೆ. ಯಾವ ಕಡೆ ಎಂದು ಒಂದೊಂದೇ ತುಂಡು ಬಿಚ್ಚುತ್ತಾ ಹೋದರೆ ಸಿಗುತ್ತದೆ.

ಲ್ಯಾಬಿನ ಮೀಟರು ಕಳಿಸಿದ್ದೇನೆ. ಅದಕ್ಕೆ ನಾನು ಜವಾಬ್ದಾರಿ.

ಕೇಬಲ್ ಎಳೆಯುವಾಗ ಕರೆಂಟಿನ ವೈರಿನಿಂದ ಒಂದು ಮೊಳ ದೂರ ಇಡು ಎಂದಿದ್ದೆ. ಇಟ್ಟಿದ್ದೀಯ ತಾನೇ?

ಭವ್ಯಾ


ದಾವಣಗೆರೆ
7 ಆಗಸ್ಟ್ 1998, ಶುಕ್ರವಾರ

ಶ್ರೀಮತ್ ತಂತಿ ಸಾಮ್ರಾಜ್ಯ ಧುರಂಧರೆಯಾದ ಭವ್ಯಕ್ಕನವರಿಗೆ (ಸಂದರ್ಭದ ಗಾಂಭೀರ್ಯಕ್ಕೆ ತಕ್ಕಂತೆ ಬಿರುದುಗಳನ್ನು ಕಡಿತಗೊಳಿಸಲಾಗಿದೆ),

ಅತ್ಯಂತ ವಿಷಾದದಿಂದ ತಿಳಿಸುವುದೇನೆಂದರೆ, ತಮ್ಮ ಮಲ್ಟಿಮೀಟರು ನಿನ್ನೆ ಮಧ್ಯಾಹ್ನ ಕರ್ತವ್ಯನಿರತವಾಗಿದ್ದಾಗ ಮೇಜಿನಿಂದ ಬಿದ್ದು ವೀರಮರಣ ಹೊಂದಿತು. ಬಿದ್ದಾಗ ಸ್ವಲ್ಪ ಸುಟ್ಟ ವಾಸನೆ ಬಂತು. ಅದು ಬಹುಶಃ ಅಗಲಿಕೆಯ ದುಃಖದಿಂದ ಇರಬೇಕು. ಪ್ರಾಣ ಬಿಡುವ ಮುಂಚೆ ಇಪ್ಪತ್ತೈದನ್ನೂ ತೋರಿಸಲಿಲ್ಲ, ಐವತ್ತನ್ನೂ ತೋರಿಸಲಿಲ್ಲ. ಅಂಕಿಗಳು ಹುಚ್ಚು ಹಿಡಿದಂತೆ ಓಡಿದವು.

ಶಿವಯೋಗಪ್ಪನವರು ಈಗ ನನ್ನನ್ನು ಏನೂ ಕೇಳುತ್ತಿಲ್ಲ. ನಾನು ಬಂದರೆ ನೋಡುತ್ತಾರೆ, ಹೋದರೆ ನೋಡುತ್ತಾರೆ.

ಇನ್ನೊಂದು ಅಮುಖ್ಯವಾದ ಸಂಗತಿ. ಸುಮ್ಮನೆ ಜ್ಞಾನಾರ್ಜನೆಗಾಗಿ ಕೇಳುತ್ತಿದ್ದೇನೆ. ಯಜಮಾನರ ಹೆಂಡತಿ ಕಸ್ತೂರಮ್ಮ ದಿನಾ ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಬಂದು ಪಡಸಾಲೆಯ ಕಂಪ್ಯೂಟರಿನ ಮೇಲೆ ಒಂದು ಸೇವಂತಿಗೆ ಇಡುತ್ತಾರೆ. ಆಮೇಲೆಯೇ ಯಾರಾದರೂ ಅದನ್ನು ಹಚ್ಚಬೇಕು. ಹೂವಿಡುವಾಗ ಕಂಪ್ಯೂಟರ್ ಡಬ್ಬಿಯ ತಗಡು ತಾಗಿದರೆ ಅವರ ಕೈ ಜುಮ್ ಎನ್ನುತ್ತದೆ. ಜುಲೈನಿಂದಲೇ ಹೀಗೆ. ಇದಕ್ಕೇನಾದರೂ ಅರ್ಥವಿದೆಯೇ?

ಮೀಟರಿನ ಆತ್ಮಕ್ಕೆ ಶಾಂತಿ ಕೋರುತ್ತಾ,
ಬಕ್ಕೇಶ


ಹರಿಹರ
8 ಆಗಸ್ಟ್ 1998

ಬಕ್ಕೇಶ,

ನಗು ಬರಲಿಲ್ಲ. ಸ್ಟಾಕ್ ತಪಾಸಣೆಗೆ ಬಂದವರಿಗೆ ವೀರಮರಣ ಎಂದು ಹೇಳಲೇನು? ಇನ್ನು ಲ್ಯಾಬಿನಿಂದ ಒಂದು ಸ್ಕ್ರೂ ಸಹ ಸಿಗದು. ಒಂದು ವಸ್ತು ಕೊಟ್ಟರೆ ಅದನ್ನು ಮೇಜಿನ ಅಂಚಿನಲ್ಲಿ ಇಡುವವನು ನೀನು.

ಜುಮ್ ಎನ್ನುವುದಕ್ಕೆ ಹೆದರಬೇಡ. ಅವರ ಮನೆಯಲ್ಲಿ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಇಲ್ಲ, ಮೂರು ಕಡ್ಡಿಯ ಪ್ಲಗ್ಗನ್ನು ಎರಡು ತೂತಿಗೆ ಸಿಕ್ಕಿಸಿದ್ದೀಯ. ಹೌದಲ್ಲ? ಕಂಪ್ಯೂಟರಿನ ಒಳಗಿನಿಂದ ಸ್ವಲ್ಪ ಕರೆಂಟು ಸೋರಿ ತಗಡಿಗೆ ಬರುತ್ತದೆ. ಅರ್ಧ ಊರಿನ ಕಂಪ್ಯೂಟರು ಹೀಗೇ ಕಚಗುಳಿ ಇಡುತ್ತವೆ. ನಿಯಾನ್ ಟೆಸ್ಟರು ಮುಟ್ಟಿಸಿದರೆ ಕೆಂಪಗೆ ಹೊಳೆಯುತ್ತದೆ, ಅಷ್ಟೇ. ಅರ್ಥಿಂಗ್ ಮಾಡಿಸು, ನಿಲ್ಲುತ್ತದೆ. ಸಂಪರ್ಕ ಕಡಿಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಮೊಳದ ಪ್ರಶ್ನೆಗೆ ನೀನು ಉತ್ತರ ಕೊಡಲಿಲ್ಲ.

ಭವ್ಯಾ


ದಾವಣಗೆರೆ
10 ಆಗಸ್ಟ್ 1998, ಸೋಮವಾರ

ಭವ್ಯಕ್ಕ,

ಇವತ್ತು ಬಿರುದು ಹೊಳೆಯುತ್ತಿಲ್ಲ.

ನಿಮ್ಮ ಕಾಗದ ಓದಿ ನಿನ್ನೆ ಎಷ್ಟು ಹಗುರಾದೆ ಎಂದರೆ, ಮಂಡಕ್ಕಿ ಅಂಗಡಿಯಲ್ಲಿ ಬೆವರು ಸುರಿಯುವಷ್ಟು ಮಿರ್ಚಿ ತಿಂದೆ. "ಹೆದರಬೇಡ" ಎಂದು ಬರೆದಿದ್ದಿರಲ್ಲ, ಆ ಸಾಲನ್ನೇ ಮತ್ತೆ ಮತ್ತೆ ಓದಿದೆ. ಇವತ್ತು ಶ್ರಾವಣ ಸೋಮವಾರ. ಬೆಳಿಗ್ಗೆ ಎದುರು ಮನೆಯ ಸುಂಕಲಮ್ಮ ಬಂದಿದ್ದರು. ನಾನು ಮೂಲೆಯಲ್ಲಿ ಅರ್ಥಿಂಗ್ ತಂತಿ ಸುತ್ತುತ್ತಾ ಕೂತಿದ್ದೆ.

ಕಸ್ತೂರಮ್ಮ ಎಂದಿನಂತೆ ಮರದ ಮಣೆಯ ಮೇಲೆ ನಿಂತು ಹೂವಿಟ್ಟರು. ಕಣ್ಣು ಮುಚ್ಚಿಕೊಂಡೇ, "ಇವತ್ತು ಜೋರೈತೆ" ಎಂದರು. "ಬಾ ಸುಂಕಲಮ್ಮ, ನೀನೂ ಮುಟ್ಟು ಬಾ."

ಸುಂಕಲಮ್ಮ ಒಂದು ಕಾಲು ಮಣೆಯ ಮೇಲಿಟ್ಟರು. ಇನ್ನೊಂದು ಕಾಲು ಈಗಷ್ಟೇ ಒರೆಸಿದ ನೆಲದ ಮೇಲಿತ್ತು. ಕೈ ಇಟ್ಟರು. "ಅಯ್ಯವ್ವಾ" ಎಂದ ಶಬ್ದ ಕೇಳಿ ನಾನು ತಲೆ ಎತ್ತುವಷ್ಟರಲ್ಲಿ ಗೋಡೆಯ ಹತ್ತಿರ ಬಿದ್ದಿದ್ದರು. ತುಟಿ ಬೆಳ್ಳಗಾಗಿತ್ತು. ಬಲಗೈ ಎತ್ತಲು ಬರುತ್ತಿರಲಿಲ್ಲ.

ಭವ್ಯಕ್ಕ, ಕಸ್ತೂರಮ್ಮ ಏನೆಂದರು ಗೊತ್ತೇ? "ಪುಣ್ಯಾತ್ಗಿತ್ತಿ! ನಂಗ ಇಷ್ಟು ದಿನಕ್ಕ ಕೊಡ್ದಿದ್ದು ನಿಂಗ ಒಂದೇ ಸಲಕ್ಕ ಕೊಟ್ಟ ನೋಡು!"

ಸುಂಕಲಮ್ಮ ಕೈ ತಿಕ್ಕಿಕೊಳ್ಳುತ್ತಾ, ಅಳುತ್ತಾ, ನಗುತ್ತಾ, "ನಂಗ್ಯಾಕ ಇಷ್ಟು ಕೊಟ್ಟ ಕಸ್ತೂರಕ್ಕ? ನಾ ಏನ್ ಮಾಡೀನಿ?" ಎಂದು ಕೇಳುತ್ತಿದ್ದರು.

ಈಗ ಪೂರ್ತಿ ಹೇಳುತ್ತೇನೆ. ಜುಲೈನಲ್ಲಿ ಮೊದಲ ಸಲ ಅವರ ಕೈ ಜುಮ್ ಎಂದಾಗ, ಯಾಕೆ ಎಂದು ನನ್ನನ್ನು ಕೇಳಿದರು. ನಾನು ಎದ್ದು ನಿಂತು, ಚಪ್ಪಲಿ ಬಿಟ್ಟು, ಕಂಪ್ಯೂಟರಿಗೆ ಕೈ ಮುಗಿದು, "ಅಮ್ಮಾ, ಶಕ್ತಿ ಬಂದೈತ್ರಿ. ಎಲ್ಲಾ ಯಂತ್ರಕ್ಕೂ ಬರಂಗಿಲ್ಲ" ಎಂದೆ. ಒಂದು ದಿನ ನಗೋಣವೆಂದು. ಅವರು ನಗಲಿಲ್ಲ. ಕಣ್ಣಿಗೊತ್ತಿಕೊಂಡರು. ಆಮೇಲೆ ಹೇಗೆ ವಾಪಸ್ ತೆಗೆದುಕೊಳ್ಳಲಿ?

ಕಳೆದ ಸೋಮವಾರ ಯಂತ್ರದ ಮೇಲ್ಗಡೆ ದೇವರ ಫೋಟೋ ಹಾಕಬೇಕು ಎಂದರು. ಸಿಮೆಂಟಿಗೆ ಮೊಳೆ ಇಳಿಯದೆ ಬಗ್ಗಿತು. ಗೋಡೆಯ ಉದ್ದಕ್ಕೂ ಮರದ ಪಟ್ಟಿ ಹೋಗಿದೆ. "ಇಲ್ಲಿ ಬೆಣ್ಣಿಗ್ ಇಳ್ದಂಗ ಇಳಿತೈತೆ" ಎಂದು ನಾನೇ ಮಂತ್ರ ಗೊಣಗುತ್ತಾ ಹೊಡೆದೆ. ಆ ಪಟ್ಟಿಯೊಳಗೆ ಕರೆಂಟಿನ ವೈರಿದೆ. ಹೊಸ ಬಣ್ಣದ ಗೋಡೆಗೆ ತೂತು ಬೇಡ ಎಂದು ಯಜಮಾನರು ಹೇಳಿದ್ದಕ್ಕೆ ನನ್ನ ಕೇಬಲನ್ನೂ ಅದರೊಳಗೇ ಮಲಗಿಸಿದ್ದೆ. ಮೊಳದ ಪ್ರಶ್ನೆಗೆ ಇದು ಉತ್ತರ. ಸಂಪರ್ಕ ಕಡಿಯಲು ಶುರುವಾದದ್ದು ಅದೇ ದಿನ.

ಮೀಟರು ಬಿದ್ದಿಲ್ಲ. ನನ್ನ ಕೈಯಲ್ಲೇ ಚಟ್ ಎಂದು ಹೋಯಿತು.

ಎಲ್ಲರೂ ಸುಂಕಲಮ್ಮನನ್ನು ಮನೆಗೆ ಬಿಡಲು ಹೋದಾಗ ಕಂಪ್ಯೂಟರಿನ ಪ್ಲಗ್ ಕಿತ್ತು, ನಿಯಾನ್ ಟೆಸ್ಟರನ್ನು ಕೇಬಲಿನ ಜೋಡಣೆಗೆ ಮುಟ್ಟಿಸಿದೆ. ಹೊಳೆಯಿತು. ಪ್ಲಗ್ ನನ್ನ ಎಡಗೈಯಲ್ಲಿತ್ತು, ಭವ್ಯಕ್ಕ. ಯಂತ್ರಕ್ಕೆ ಕರೆಂಟೇ ಇಲ್ಲ, ಆದರೂ ಹೊಳೆಯಿತು. ಜುಲೈನಲ್ಲಿಯೂ ಹೀಗೇ ಹೊಳೆದಿತ್ತು. ಹೊಳೆದರೆ ಹೆದರಬೇಡ ಎಂದು ನೀವೇ ಬರೆದಿದ್ದೀರಿ. ಇದು ಆ ಹೊಳಪೇ, ಬೇರೆಯದೇ? ಬೇಗ ಬರೆಯಿರಿ.

ಬಕ್ಕೇಶ


ದಾವಣಗೆರೆ
13 ಆಗಸ್ಟ್ 1998, ಗುರುವಾರ

ಭವ್ಯಕ್ಕ,

ಉತ್ತರ ಬರಲಿಲ್ಲ. ಬೂತಿನಿಂದ ನಿಮ್ಮ ಸಂಸ್ಥೆಗೆ ಫೋನ್ ಮಾಡಿದೆ. "ಭವ್ಯಾ ಮೇಡಂ ರಜಾ ಅದಾರ, ಊರಿಗೆ ಹೋಗ್ಯಾರ" ಎಂದು ಇಟ್ಟುಬಿಟ್ಟರು. ಎಂದು ಬರುತ್ತೀರೋ ಗೊತ್ತಿಲ್ಲ. ಆದರೂ ಬರೆಯುತ್ತಿದ್ದೇನೆ.

ಕಸ್ತೂರಮ್ಮ ಯಂತ್ರವನ್ನು ಮುಟ್ಟದಂತೆ ಮಾಡಲು ಇನ್ನೊಂದು ಸುಳ್ಳು ಹೇಳಿದೆ. "ಅಮ್ಮಾ, ಯಂತ್ರ ಮೌನವ್ರತ ಹಿಡಿದೈತ್ರಿ. ಮುಂದಿನ ಸೋಮವಾರದ ತನಕ ಯಾರೂ ಹತ್ರ ಹೋಗಬ್ಯಾಡ್ರಿ." ಹೋಗುತ್ತಿಲ್ಲ. ಆದರೆ ಸೋಮವಾರ ವ್ರತ ಮುಗಿಯುತ್ತದೆ ಎಂದು ಬೀದಿಗೆಲ್ಲ ಹೇಳಿದ್ದಾರೆ. ಶ್ರಾವಣದ ಕೊನೆಯ ಸೋಮವಾರ ಬೇರೆ. ಹೆಂಗಸರೆಲ್ಲ ತಲೆಸ್ನಾನ ಮಾಡಿ ಬರುತ್ತಾರಂತೆ. ಅವರ ಮೊಮ್ಮಗಳು ಪೂಜಾ ಇನ್ನೂ ಅಂಬೆಗಾಲಿಡುವ ಕೂಸು. ಅವಳ ಕೈಯನ್ನೂ ಮುಟ್ಟಿಸುತ್ತಾರಂತೆ.

"ಮಣೆ ಸಾಕಾಗ್ತದೇನ್ರಿ ಅಷ್ಟು ಮಂದಿಗೆ?" ಎಂದು ಕೇಳಿದೆ. "ದೇವ್ರ ಮುಂದ ಮಣೆ ಯಾಕ? ಬರಿಗಾಲಾಗ ನಿಲ್ತೀವಿ" ಎಂದರು.

ಇವತ್ತು ಆ ಮೊಳೆಯ ಕೆಳಗೆ ಒಂದು ಹಲ್ಲಿ ಸತ್ತು ಬಿದ್ದಿತ್ತು. ಒಣಗಿ ಕಪ್ಪಾಗಿತ್ತು. ಕಸ್ತೂರಮ್ಮ ಅದನ್ನು ಎಲೆಯಲ್ಲಿ ಎತ್ತಿ ತುಳಸಿ ಗಿಡದ ಬುಡದಲ್ಲಿ ಮಣ್ಣು ಮಾಡಿದರು. "ಪುಣ್ಯದ ಜೀವ" ಎಂದರು.

ನಾನು ಕೆಲಸಕ್ಕೆ ಹೆದರುತ್ತಿದ್ದೆ. ಈಗ ಅದಕ್ಕೆ ಹೆದರುತ್ತಿಲ್ಲ.

ಬಕ್ಕೇಶ


ಹರಿಹರ
14 ಆಗಸ್ಟ್ 1998

ಬಕ್ಕೇಶ,

ಅಜ್ಜಿಯ ಕಣ್ಣಿನ ಆಪರೇಷನ್ ಆಗಿತ್ತು, ಕೊಕ್ಕನೂರಿಗೆ ಹೋಗಿದ್ದೆ. ಎರಡೂ ಕಾಗದ ಇವತ್ತು ಒಟ್ಟಿಗೆ ಸಿಕ್ಕವು. ನೀನು ತಮಾಷೆಗೆ ಬರೆದಿದ್ದರೆ ಆಮೇಲೆ ನನ್ನನ್ನು ನೋಡಿ ನಗು. ನಾನು ನಿಜವೆಂದೇ ತಿಳಿದು ಬರೆಯುತ್ತಿದ್ದೇನೆ.

ಇಷ್ಟು ಓದಿದ ತಕ್ಷಣ ಕಾಗದ ಕೆಳಗಿಟ್ಟು ಹೋಗಿ ಪಡಸಾಲೆಯ ಫ್ಯೂಸು ಕೀಳು. ಜೇಬಿನಲ್ಲಿ ಇಟ್ಟುಕೋ. ಯಾರು ಕೇಳಿದರೂ ಕೊಡಬೇಡ.

ಕಿತ್ತೆಯಾ?

ಹೆದರಬೇಡ ಎಂದು ಬರೆದದ್ದು ನನ್ನ ತಪ್ಪು. ಕಸ್ತೂರಮ್ಮ ಯಾವುದರ ಮೇಲೆ ನಿಲ್ಲುತ್ತಾರೆ ಎಂದು ಕೇಳದೆ ಬರೆದೆ. ಇಷ್ಟು ದಿನ ಅವರನ್ನು ಉಳಿಸಿದ್ದು ಆ ಒಣ ಮಣೆ.

ಜುಲೈನದು ಸೋರಿಕೆ. ಈಗಿನದು ಮೊಳೆಯ ಮೂಲಕ ಕೇಬಲಿನ ಜಾಲರಿಗೆ ನೇರವಾಗಿ ಬಂದ ಕರೆಂಟು ಎಂದು ನನ್ನ ಅನುಮಾನ. ಕಂಪ್ಯೂಟರಿನ ಹಿಂಬದಿಯ ಜೋಡಣೆ ಡಬ್ಬಿಯ ತಗಡಿಗೆ ತಾಗಿರಬೇಕು. ನಿಯಾನ್ ಟೆಸ್ಟರು ಎರಡಕ್ಕೂ ಒಂದೇ ಥರ ಹೊಳೆಯುತ್ತದೆ. ಆದ್ದರಿಂದ ಅದನ್ನು ನಂಬಬೇಡ. ಮೀಟರನ್ನು ಓಮಿನಲ್ಲಿಟ್ಟು ಕರೆಂಟಿಗೆ ಹಿಡಿದರೆ ಸುಡುತ್ತದೆ, ಅದು ನಿನಗೆ ಗೊತ್ತಾಗಿದೆ. ಈ ಚೀಲದಲ್ಲಿ ನಲವತ್ತು ವ್ಯಾಟಿನ ಬಲ್ಬು, ಹೋಲ್ಡರು, ಎರಡು ಉದ್ದ ವೈರು, ತುದಿಗೆ ಕ್ಲಿಪ್ಪು ಇವೆ. ಸೋರುವ ಕರೆಂಟಿಗೆ ಬಲ್ಬು ಹೊತ್ತಿಸುವಷ್ಟು ತಾಕತ್ತಿರುವುದಿಲ್ಲ. ಬಲ್ಬು ಉರಿದರೆ ಅದು ಆಳಿನ ಜೀವವನ್ನೂ ತೆಗೆಯುತ್ತದೆ.

ಫ್ಯೂಸು ಕಿತ್ತಿರುವಾಗಲೇ, ಎಲ್ಲ ಕಂಪ್ಯೂಟರಿನಿಂದ ಕೇಬಲ್ ಬಿಡಿಸಿ, ಒಂದು ಕ್ಲಿಪ್ಪನ್ನು ಜೋಡಣೆಯ ಲೋಹಕ್ಕೆ, ಇನ್ನೊಂದನ್ನು ಬೋರಿನ ಕಬ್ಬಿಣದ ಪೈಪಿಗೆ ತುಕ್ಕು ಕೆರೆದು ಹಾಕು. ಎಲ್ಲರನ್ನೂ ದೂರ ನಿಲ್ಲಿಸು. ಒಣ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಫ್ಯೂಸು ಹಾಕು. ನೋಡು. ಮತ್ತೆ ಕೀಳು. ಆಮೇಲೆ ಮೊಳೆ ತೆಗೆದು ಇನ್ನೊಮ್ಮೆ ಹಾಗೇ ಮಾಡು.

ನಾನೇ ಬರುತ್ತಿದ್ದೆ. ಅಜ್ಜಿಯನ್ನು ಜೊತೆಗೆ ಕರೆತಂದಿದ್ದೇನೆ, ಕಣ್ಣಿಗೆ ಪಟ್ಟಿ ಇದೆ, ಬಿಟ್ಟು ಬರುವಂತಿಲ್ಲ.

ಅವರಿಗೆ ನಿಜ ಹೇಳು. ಬಲ್ಬು ಕೇಬಲಿನ ವಿಷಯ ಹೇಳುತ್ತದೆ. ನಿನ್ನ ವಿಷಯ ನೀನೇ ಹೇಳಬೇಕು.

ಭವ್ಯಾ


ದಾವಣಗೆರೆ
16 ಆಗಸ್ಟ್ 1998, ಭಾನುವಾರ

ಶ್ರೀಮತ್ ಸಕಲ ಪ್ರಾಣ ಸಂರಕ್ಷಣ ದಕ್ಷೆಯೂ, ನಲವತ್ತು ವ್ಯಾಟ್ ಪ್ರಭಾ ಮಂಡಿತೆಯೂ ಆದ ಭವ್ಯಕ್ಕನವರ ಪಾದಾರವಿಂದಗಳಿಗೆ,

ಆಯಿತು. ಯಾರೂ ಸತ್ತಿಲ್ಲ. ಇದನ್ನು ಮೊದಲು ಬರೆದುಬಿಡುತ್ತೇನೆ, ಆಮೇಲೆ ವರದಿ.

ರೌಫಣ್ಣ ನಿನ್ನೆ ಬಸ್ಸಿಗೆ ಬಾವುಟ ಕಟ್ಟಿಕೊಂಡು ಬಂದು ಚೀಲ ಕೊಟ್ಟ. ತಾವು ಅಪ್ಪಣೆ ಕೊಡಿಸಿದಂತೆ ಮೊದಲ ಸಾಲುಗಳನ್ನು ಓದಿದವನೇ ಓಡಿದೆ. ರಾತ್ರಿಯೂ ಫ್ಯೂಸನ್ನು ದಿಂಬಿನ ಕೆಳಗಿಟ್ಟುಕೊಂಡೇ ಮಲಗಿದೆ. ಫ್ಯಾನಿಲ್ಲದೆ ಶಿವಯೋಗಪ್ಪನವರು ಬೀಸಣಿಗೆ ಹಿಡಿದು ಊಟ ಮಾಡಿದರು. "ಎಂದು ಹಾಕ್ತಿಯೋ ತಮ್ಮಾ?" "ನಾಳೆ ಯಜಮಾನ್ರೇ. ಕೇಬಲ್ ಒಂದು ಸಲ ನೋಡಬೇಕು."

ಇಂದು ಮಧ್ಯಾಹ್ನ ಪಡಸಾಲೆಯಲ್ಲಿ ಸಭೆ ಸೇರಿತು. ಯಜಮಾನರು, ಕಸ್ತೂರಮ್ಮ, ಇನ್ನೂ ಕೈ ತಿಕ್ಕಿಕೊಳ್ಳುತ್ತಿದ್ದ ಸುಂಕಲಮ್ಮ. ನಾನು ಪೈಪಿನ ತುಕ್ಕು ಕೆರೆದೆ. ಕ್ಲಿಪ್ಪು ಹಾಕಿದೆ. ಬಲ್ಬನ್ನು ಒಣ ಮಣೆಯ ಮೇಲಿಟ್ಟೆ. ಎಲ್ಲರನ್ನೂ ಒಳಬಾಗಿಲಿನಾಚೆ ನಿಲ್ಲಿಸಿದೆ. ಬಳಿಕ ಧೀರೋದಾತ್ತ ನಡಿಗೆಯಿಂದ ವರಾಂಡದ ಮೀಟರ್ ಬೋರ್ಡಿಗೆ ಹೋದೆ. ಕೈ ನಡುಗಲಿಲ್ಲ. ಫ್ಯೂಸು ಒಳಹೋಯಿತು.

ಒಳಗಿನಿಂದ ಸುಂಕಲಮ್ಮ ಚೀರಿದರು.

ಓಡಿ ಬಂದು ನೋಡಿದರೆ ಬಲ್ಬು ಉರಿಯುತ್ತಿತ್ತು. ಮಿಣಮಿಣ ಅಲ್ಲ, ಅಡುಗೆಮನೆಯ ದೀಪದ ಹಾಗೆ ಝಗ್ ಎಂದು. ಯಾವ ಕಂಪ್ಯೂಟರೂ ಇಲ್ಲದ, ಎಲ್ಲಿಗೂ ಹೋಗದ ಒಂದು ಕಪ್ಪು ಕೇಬಲಿನಿಂದ. ಇಷ್ಟು ದಿನ ಕಸ್ತೂರಮ್ಮ ಇದೇ ಕರೆಂಟಿನ ಮೇಲೆ ಹೂವಿಡುತ್ತಿದ್ದರಲ್ಲ.

ಸುಂಕಲಮ್ಮ ಚೀರಿದ್ದು ಹೆದರಿ ಅಲ್ಲ. "ತಾನಾ ಹತ್ತಿತು ಕಸ್ತೂರಕ್ಕ! ಜ್ಯೋತಿ!" ಎಂದು ಕೈ ಮುಗಿದು, ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಹೊರಟಿದ್ದರು. ಶಿವಯೋಗಪ್ಪನವರೂ ಕೈ ಮುಗಿದಿದ್ದರು.

"ಮುಟ್ಟಬ್ಯಾಡ್ರಿ!" ಎಂದು ಕೂಗಿದೆ. ಆ ಮನೆಯಲ್ಲಿ ಅಷ್ಟು ಜೋರಾಗಿ ಯಾರೂ ಕೂಗಿರಲಿಕ್ಕಿಲ್ಲ. "ಅದು ದೇವ್ರಲ್ಲ, ಕರೆಂಟು. ಮುಟ್ಟಿದ್ರ ಸಾಯ್ತೀರಿ."

ಫ್ಯೂಸು ಕಿತ್ತು ಬಂದು, ನಿಂತುಕೊಂಡು ಎಲ್ಲ ಹೇಳಿದೆ. ಮೊಳೆ, ಮರದ ಪಟ್ಟಿ, ಮೌನವ್ರತ. ಕಸ್ತೂರಮ್ಮ ಒಂದೇ ಒಂದು ಕೇಳಿದರು. "ಅವತ್ತು ನೀನೂ ಕೈ ಮುಗ್ದಿದ್ಯಲ್ಲೋ?"

"ತಮಾಷಿಗೆ, ಅಮ್ಮಾ."

ಅವರು ಸುಂಕಲಮ್ಮನ ಬಲಗೈ ಹಿಡಿದುಕೊಂಡು ಕೆಳಗೆ ಕೂತರು. "ನಾನೇ ಬಾ ಅಂದೆ ಕಣೇ ನಿನ್ನ" ಎಂದರು. ಆಮೇಲೆ, ಯಾರಿಗೂ ಅಲ್ಲ ಎನ್ನುವ ಹಾಗೆ, "ಪೂಜಾ" ಎಂದರು. ಅಷ್ಟೇ. ಅವರು ಬೈದಿದ್ದರೆ ಈ ಕಾಗದ ಬರೆಯಲು ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮೊಳೆ ಕಿತ್ತೆ. ತುದಿ ಕಪ್ಪಾಗಿತ್ತು. ವೈರನ್ನೂ ಕೇಬಲನ್ನೂ ಒಟ್ಟಿಗೆ ಚುಚ್ಚಿಕೊಂಡು ಹೋಗಿತ್ತು. ಎರಡನ್ನೂ ಬೇರೆ ಮಾಡಿ ಟೇಪ್ ಸುತ್ತಿ ಇನ್ನೊಮ್ಮೆ ನೋಡಿದೆ. ಬಲ್ಬು ಹೊತ್ತಲಿಲ್ಲ. ಹೊತ್ತದ ಬಲ್ಬನ್ನು ನೋಡಿ ಇಷ್ಟು ಸಂತೋಷಪಟ್ಟವರು ದಾವಣಗೆರೆಯಲ್ಲಿ ಇನ್ನೊಬ್ಬರಿಲ್ಲ. ಹೊಸ ಕೇಬಲನ್ನು ಎದುರುಗೋಡೆಯ ಮೇಲೆ ಎಳೆಯಬೇಕು ಎಂದೆ. ಶಿವಯೋಗಪ್ಪನವರು ತಾವೇ ಡ್ರಿಲ್ ತಂದು ಮುಂದಿಟ್ಟರು. "ಎಷ್ಟು ಬೇಕೋ ಅಷ್ಟು ತೂತು ಹಾಕು. ಮನಿ ಬೀಳ್ಲಿ." ಕೆಲಸದಲ್ಲಿ ಇಟ್ಟುಕೊಂಡಿದ್ದಾರೋ ಇಲ್ಲವೋ ಕೇಳಲು ಧೈರ್ಯ ಬರಲಿಲ್ಲ.

ಹೊರಡುವಾಗ ಕಸ್ತೂರಮ್ಮ ಕರೆದರು. "ನಾಳೆ ಹೊತ್ತು ಹುಟ್ಟೋಕ್ ಮುಂಚೆ ಬಾ. ಬಾಗ್ಲಾಗ ನಿಂತು, ಬಂದೋರಿಗೆಲ್ಲ ನೀನೇ ಹೇಳ್ಬೇಕು. ಒಬ್ಬೊಬ್ರಿಗೂ. ನಾ ಪಕ್ಕದಾಗ ನಿಂತಿರ್ತೀನಿ."

ಹೋಗುತ್ತೇನೆ. ಬಲ್ಬನ್ನು ರೌಫಣ್ಣನ ಕೈಯಲ್ಲಿ ಕಳಿಸಿದ್ದೇನೆ. ಮೀಟರಿನ ಬಗ್ಗೆ ನಿಮ್ಮ ಪ್ರಿನ್ಸಿಪಾಲರಿಗೆ ನಾನೇ ಬಂದು ಹೇಳುತ್ತೇನೆ.

ನಿಮ್ಮ,
ಬಕ್ಕೇಶ

ತಾ.ಕ.: ಫ್ಯೂಸು ಒಳಹೋಯಿತು ಎಂದು ಬರೆದೆ. ಹಾಕಿದ್ದು ನಾನಲ್ಲ. ಮೀಟರ್ ಬೋರ್ಡಿನ ಮುಂದೆ ನಿಂತಾಗ ಕೈ ಮೇಲೇಳಲಿಲ್ಲ, ಅಳು ಬಂತು. ಕಸ್ತೂರಮ್ಮ ಹಿಂದೆಯೇ ಬಂದು ನೋಡಿದರು. ಅವರಿಗೆ ನಾನಿನ್ನೂ ಏನೂ ಹೇಳಿರಲಿಲ್ಲ. "ಸರಿ ಅತ್ಲಾಗ" ಎಂದು ನನ್ನ ರಬ್ಬರ್ ಚಪ್ಪಲಿ ಬಿಚ್ಚಿಸಿ, ತಾವು ಮೆಟ್ಟಿಕೊಂಡು, ಫ್ಯೂಸು ಇಸಿದುಕೊಂಡು ಅವರೇ ಒತ್ತಿದರು. "ಸೆರಗು ಬಿಡೋ, ಹರಿತೈತೆ" ಎಂದು ನನಗೆ ಎರಡು ಸಲ ಹೇಳಬೇಕಾಯಿತು.